ರಜೆಗೆ ಮುಂಚಿನ ವಾರ

ಅಮೆರಿಕದ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಪಾಠ ಮಾಡುವ ನಮ್ಮ ಮೇಷ್ಟ್ರು, ಮೇಡಮ್ಮುಗಳಿಗೊಂದು ಮಾತು. ಡಿಸೆಂಬರ್ ಮೂರನೇ ವಾರ ಮಕ್ಕಳ ಮೈ ಮಾತ್ರ ತರಗತಿಯಲ್ಲಿ, ಮನಸ್ಸು ಆಗಲೇ ರಜೆಯಲ್ಲಿ. ಆಗ ಹೊಸ ಕಾದಂಬರಿ ಶುರು ಮಾಡಲು ಹೋಗಬೇಡಿ. ರಜೆ ಮುಗಿಸಿ ಬಂದವರಿಗೆ ನಾಯಕನ ಹೆಸರೂ ನೆನಪಿರುವುದಿಲ್ಲ. ಹಾಗಂತ ದಿನವೂ ಸಿನಿಮಾ ಹಾಕಿ ಕೂರಿಸಿದರೆ ತರಗತಿ ಸಂತೆಯಾಗುತ್ತದೆ.

ಓ. ಹೆನ್ರಿಯ 1905ರ ‘ದಿ ಗಿಫ್ಟ್ ಆಫ್ ದಿ ಮ್ಯಾಜೈ’ ತೆಗೆದುಕೊಳ್ಳಿ. ಒಂದೇ ಪೀರಿಯಡ್ಡಿನಲ್ಲಿ ಓದಿ ಮುಗಿಸಬಹುದಾದ ಕಥೆ. ನಾಯಕಿ ಡೆಲ್ಲಾಳ ಬಳಿ ಇರುವುದು 1 ಡಾಲರ್ 87 ಸೆಂಟ್; ಅದರಲ್ಲಿ 60 ಸೆಂಟ್ ಪೆನ್ನಿ ಚಿಲ್ಲರೆ. ಉಳಿದ 1 ಡಾಲರ್ 27 ಸೆಂಟನ್ನು ಪೆನ್ನಿಯಿಲ್ಲದೆ ಹೊಂದಿಸಿ ಎಂದು ಕೇಳಿ ನೋಡಿ. ಇಂದಿನ ನಾಣ್ಯಗಳಲ್ಲಿ ಆಗದು! ಲೇಖಕನೇ ಲೆಕ್ಕ ತಪ್ಪಿದನೋ, ಹಳೆಯ ಎರಡು, ಮೂರು ಸೆಂಟಿನ ನಾಣ್ಯ ಅವಳ ಕೈಲಿತ್ತೋ? ಹಿಂದಿನ ಸಾಲಿನ ತೂಕಡಿಕೆಯ ಹುಡುಗನೂ ಪುಟ ತಿರುವಿ ಕಥೆಯ ಆರಂಭಕ್ಕೆ ಬರುತ್ತಾನೆ. ವಾದಕ್ಕೆ ಬಿಡಿ, ಆಮೇಲೆ ಅರ್ಧ ಪುಟ ಬರೆಸಿ.

ಬರೆದದ್ದು ಬೆಲ್ ಹೊಡೆಯುವುದರೊಳಗೆ ನಿಮ್ಮ ಕೈಸೇರಲಿ, ಅಲ್ಲೇ ತಿದ್ದಿ ಕೊಟ್ಟುಬಿಡಿ. ಇಲ್ಲವಾದರೆ ರಜೆಯಲ್ಲಿ ಆ ಕಟ್ಟು ಹೊತ್ತು ಕೂರುವವರು ನೀವೇ ತಾನೆ?