ತಿರುಪ್ಪೂರಿನ ತಮ್ಮನ ಮಗನಿಗೆ: ಬ್ರೇಕ್ ಬಿಚ್ಚುವ ಮುಂಚೆ

ಕಾರಿನ ಮುಂದಿನ ಎಡಚಕ್ರ ಬಿಸಿಯಾಗುತ್ತೆ, ಹೊಸ ಕ್ಯಾಲಿಪರ್ ತಂದು ಮನೇಲೇ ಹಾಕಿಬಿಡ್ತೀನಿ ದೊಡ್ಡಪ್ಪ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಬೇಡ ಅನ್ನೋದಿಲ್ಲ. ಯಂತ್ರಕ್ಕೆ ಕೈ ಹಾಕೋದು ಈ ಕೊಯಮತ್ತೂರು ಸೀಮೆಯವರಿಗೆ ಹೊಸದಲ್ಲ. 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ಒಂದೇ ಒಂದು ಬಸ್ಸಿನಿಂದ ಶುರುಮಾಡಿದ ಜಿ.ಡಿ. ನಾಯ್ಡು ಇಲ್ಲಿಯವರೇ. ಮನೆಯಲ್ಲಿ ಮಾಡಿದರೆ ಕೂಲಿ ಉಳಿಯುತ್ತೆ ಅನ್ನೋದು ಸಣ್ಣ ಲಾಭ. ವರ್ಕ್‌ಶಾಪಿನವನಿಗೆ ಇಲ್ಲದ ಪುರುಸೊತ್ತು ನಿನಗಿದೆ, ಅದು ದೊಡ್ಡ ಲಾಭ. ಆ ಪುರುಸೊತ್ತನ್ನು ಬಿಚ್ಚೋದಕ್ಕಿಂತ ಮೊದಲು ರೋಗ ಪತ್ತೆಮಾಡೋದಕ್ಕೆ ಬಳಸು.

• ಕ್ಯಾಲಿಪರ್ರೇ ಕೆಟ್ಟಿದೆ ಅಂತ ನಿನಗೆ ಯಾರು ಹೇಳಿದರು? ಚಕ್ರ ಹಿಡಿದುಕೊಳ್ಳೋದಕ್ಕೆ ಕಾರಣ ಬೇರೆ ಬೇರೆ ಇರುತ್ತೆ. ಕ್ಯಾಲಿಪರ್ ಒಳಗಿನ ಪಿಸ್ಟನ್ ತುಕ್ಕು ಹಿಡಿದಿರಬಹುದು. ಕ್ಯಾಲಿಪರ್ ಜಾರುವ ಪಿನ್ನುಗಳು ಗ್ರೀಸಿಲ್ಲದೆ ಒಣಗಿರಬಹುದು. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು, ಆಯಿಲ್ಲನ್ನು ಮುಂದಕ್ಕೆ ಬಿಟ್ಟು ಹಿಂದಕ್ಕೆ ಬಿಡದೆ ಇರಬಹುದು. ಹೀಗೆ ನೋಡು: ಸ್ವಲ್ಪ ದೂರ ಓಡಿಸಿ, ಚಕ್ರ ಹಿಡಿದುಕೊಂಡಿರುವಾಗಲೇ ಜಾಕಿ ಎತ್ತಿ ಕೈಯಲ್ಲಿ ತಿರುಗಿಸು. ತಿರುಗದಿದ್ದರೆ ಕ್ಯಾಲಿಪರ್ ಮೇಲೆ ಗಾಳಿ ಹೊರಬಿಡಲು ಇರುವ ಬ್ಲೀಡಿಂಗ್ ನಿಪ್ಪಲ್ಲನ್ನು ಕಾಲು ಸುತ್ತು ಸಡಿಲಿಸು. ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತು ಅಂತ ಅರ್ಥ. ಆಗ ಹೋಸ್ ಮೇಲೆ ಅನುಮಾನ ಪಡು, ಅದಾದ ಮೇಲೆ ಮಾಸ್ಟರ್ ಸಿಲಿಂಡರ್ ಮೇಲೆ. ನಿಪ್ಪಲ್ ಬಿಟ್ಟರೂ ಚಕ್ರ ಬಿಗಿಯಾಗೇ ಇದ್ದರೆ ಮಾತ್ರ ಪಿಸ್ಟನ್ ಅಥವಾ ಪಿನ್. ಇಷ್ಟು ನೋಡದೆ ಹೊಸ ಕ್ಯಾಲಿಪರ್ ಹಾಕಿ, ಮತ್ತೆ ಅದೇ ಚಕ್ರ ಬಿಸಿಯಾಗಿ, ಅಂಗಡಿಯವನ ಜೊತೆ ಜಗಳಕ್ಕೆ ಹೋದವರನ್ನು ನೋಡಿದ್ದೀನಿ.

• ಪಿನ್ ಒಣಗಿದ್ದರೆ ಅದೃಷ್ಟ ಅಂದುಕೋ. ಬಿಚ್ಚಿ, ಒರೆಸಿ, ರಬ್ಬರಿಗೆ ಹೊಂದುವ ಸಿಲಿಕೋನ್ ಗ್ರೀಸ್ ಹಚ್ಚಿದರೆ ಮುಗಿಯಿತು. ಬೇರಿಂಗಿಗೆ ಹಾಕುವ ಗ್ರೀಸ್ ಬೇಡ, ಅದಕ್ಕೆ ರಬ್ಬರ್ ಊದಿ ಪಿನ್ ಇನ್ನೂ ಬಿಗಿಯಾಗುತ್ತೆ. ಪ್ಯಾಡ್ ಓರೆಯಾಗಿ ಸವೆದಿದ್ದರೆ ಮೊದಲು ಪಿನ್ನನ್ನೇ ನೋಡು.

• ಪಿಸ್ಟನ್ನೇ ಹಿಡಿದಿದ್ದರೂ ಸೀಲ್ ಕಿಟ್ ಅಂತ ಒಂದು ಅಗ್ಗದ ದಾರಿ ಇದೆ. ಪಿಸ್ಟನ್ನನ್ನು ಹಿಂದಕ್ಕೆ ಎಳೆಯೋದು ಸ್ಪ್ರಿಂಗ್ ಅಲ್ಲ, ಆ ಚೌಕ ಅಂಚಿನ ರಬ್ಬರ್ ಸೀಲೇ. ಬ್ರೇಕ್ ಒತ್ತಿದಾಗ ಅದು ಸ್ವಲ್ಪ ಹೊರಳುತ್ತೆ, ಬಿಟ್ಟಾಗ ಹಿಂದಕ್ಕೆ ಬರುತ್ತಾ ಪಿಸ್ಟನ್ನನ್ನೂ ಎಳೆದುಕೊಳ್ಳುತ್ತೆ. ಸೀಲ್ ಗಟ್ಟಿಯಾಗಿದ್ದರೆ ಕಿಟ್ ಸಾಕು. ಪಿಸ್ಟನ್ ಮೇಲಿನ ಹೊಳಪು ಕಿತ್ತು ಗುಳಿ ಬಿದ್ದಿದ್ದರೆ ಕಿಟ್ಟಿಗೆ ದುಡ್ಡು ಹಾಕಬೇಡ, ಕ್ಯಾಲಿಪರ್ ಬದಲಿಸು.

• ಸ್ಪೇರ್ ಕೊಳ್ಳೋದು: ಕೊಯಮತ್ತೂರಿನಲ್ಲಿ ಡಾ. ನಂಜಪ್ಪ ರಸ್ತೆಯ ಆಟೋ ಸ್ಪೇರ್ ಅಂಗಡಿಗಳಿಗೆ ಹಳೇ ಕ್ಯಾಲಿಪರ್ರನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗೋದು ಒಳ್ಳೇದು. ಆದರೆ ಅದನ್ನು ಬಿಚ್ಚಿದರೆ ಕಾರು ನಿಂತುಬಿಡುತ್ತಲ್ಲ, ಅದಕ್ಕೆ ಮೊದಲು ಫೋಟೋ, ಷಾಸಿ ನಂಬರು, ತಯಾರಾದ ವರ್ಷ ತೆಗೆದುಕೊಂಡು ಹೋಗು. ಒಂದೇ ಹೆಸರಿನ ಕಾರಿಗೆ ವರ್ಷ ಬದಲಾದರೆ ಕ್ಯಾಲಿಪರ್ರೂ ಬದಲಾಗಿರುತ್ತೆ. ಬಿಲ್ ಕೇಳಿ ತಗೋ. ಉಕ್ಕಡಂ ಕಡೆ ಹಳೇ ಸಾಮಾನು ಸಿಗುತ್ತೆ ಅಂತ ಸ್ನೇಹಿತರು ಹೇಳ್ತಾರೆ. ಬಾಗಿಲ ಹಿಡಿ, ಕನ್ನಡಿ, ಡ್ಯಾಶ್‌ಬೋರ್ಡ್ ಬೇಕಾದರೆ ಅಲ್ಲಿಗೆ ಹೋಗು. ಬ್ರೇಕಿಗೆ ಸಂಬಂಧಪಟ್ಟದ್ದು ಒಂದು ನಟ್ಟೂ ಹಳೇದು ಬೇಡ.

• ಪ್ಯಾಡ್ ಎರಡೂ ಕಡೆ ಒಟ್ಟಿಗೆ ಬದಲಿಸು. ಹೋಸ್ ಕೂಡ ಹಾಗೇ. ಕ್ಯಾಲಿಪರ್ ಒಂದೇ ಕಡೆ ಬದಲಿಸಿದರೆ ನಡೆಯುತ್ತೆ, ಆದರೆ ಇನ್ನೊಂದು ಕಡೆಯದನ್ನೂ ಬಿಚ್ಚಿ ನೋಡದೆ ಚಕ್ರ ಹಾಕಬೇಡ.

• ಜಾಕಿ ವಿಷಯ. ನಿಮ್ಮ ಪಲ್ಲಡಂ, ಉಡುಮಲೈ ಕಡೆಯ ಕರಿಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಕಾಣುತ್ತೆ, ತಮಿಳರ ಐಪ್ಪಸಿ ತಿಂಗಳ ಮಳೆ ಬಿದ್ದ ಮೇಲೆ ಜಾಕಿಯನ್ನು ನುಂಗುತ್ತೆ. ಸಿಮೆಂಟ್ ನೆಲದ ಮೇಲೆ ಮಾಡು, ಅದಿಲ್ಲದಿದ್ದರೆ ದಪ್ಪ ಹಲಗೆ ಹಾಸು. ಕಾರಿನ ಜೊತೆ ಬರುವ ಜಾಕಿ ಸ್ಟೆಪ್ನಿ ಬದಲಿಸೋದಕ್ಕೆ ಮಾತ್ರ. ಅದನ್ನೇ ನಂಬಿ ಕೆಳಗೆ ಕೈ ಕಾಲು ಹಾಕಬೇಡ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸು. ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡು. ಬಿಚ್ಚಿದ ಚಕ್ರವನ್ನು ಕಾರಿನ ಅಡಿ ಮಲಗಿಸಿಡು.

• ಆಡಿ ತಿಂಗಳಲ್ಲಿ ಬಯಲಿನಲ್ಲಿ ಈ ಕೆಲಸ ಬೇಡ. ಪಾಲ್ಘಾಟ್ ಕಣಿವೆಯಿಂದ ನುಗ್ಗುವ ಗಾಳಿಗೆ ಅರೆಯುವ ಕಲ್ಲೂ ಹಾರುತ್ತೆ ಅಂತ ಇಲ್ಲಿಯವರು ಹೇಳೋದು ಸುಮ್ಮನಲ್ಲ. ಬಾಯಿ ತೆರೆದ ಬ್ರೇಕ್ ಪೈಪಿಗೆ ಒಂದು ಚಿಟಿಕೆ ಧೂಳು ಸಾಕು.

• ಚಕ್ರ ಬಿಚ್ಚಿದಾಗ ಕಾಣುವ ಕಪ್ಪು ಪುಡಿಯನ್ನು ಬಾಯಿಂದಲೂ ಗಾಳಿಯಿಂದಲೂ ಊದಬೇಡ. ಹಳೇ ಪ್ಯಾಡುಗಳಲ್ಲಿ ಕಲ್ನಾರು ಇರಬಹುದು. ಬ್ರೇಕ್ ಕ್ಲೀನರ್ ಅಥವಾ ಸೋಪಿನ ನೀರು ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸು. ಸೀಲಿರುವ ಕಡೆ ಪೆಟ್ರೋಲ್, ಸೀಮೆಎಣ್ಣೆ ತಾಕಿಸಲೇಬೇಡ. ಎರಡೂ ರಬ್ಬರನ್ನು ಊದಿಸುತ್ತವೆ, ಊದಿದ್ದು ಎರಡು ವಾರ ಬಿಟ್ಟು ಘಾಟಿಯಲ್ಲಿ ಗೊತ್ತಾಗುತ್ತೆ.

• ಪೈಪ್ ಬಿಚ್ಚುವ ಮುಂಚೆ ಹಳೇ ಮೇಸ್ತ್ರಿಗಳ ಒಂದು ಉಪಾಯ ತಿಳಿದಿರು. ಬ್ರೇಕ್ ಪೆಡಲನ್ನು ಸುಮಾರು ಒಂದಂಗುಲ ಒತ್ತಿ, ಪೆಡಲಿಗೂ ಸೀಟಿಗೂ ನಡುವೆ ಒಂದು ಕೋಲು ಸಿಕ್ಕಿಸು. ಮಾಸ್ಟರ್ ಸಿಲಿಂಡರಿನಲ್ಲಿ, ಬ್ರೇಕ್ ಆಯಿಲ್ ತುಂಬಿಡುವ ಡಬ್ಬಿಯಿಂದ ಆಯಿಲ್ ಇಳಿಯುವ ರಂಧ್ರ ಮುಚ್ಚಿಕೊಳ್ಳುತ್ತೆ, ಹೋಸ್ ತೆರೆದಿದ್ದರೂ ಡಬ್ಬಿ ಖಾಲಿಯಾಗೋದಿಲ್ಲ. ಬ್ರೇಕ್ ಲೈಟ್ ಉರಿಯುತ್ತಾ ಇರುತ್ತೆ, ಬ್ಯಾಟರಿ ವೈರು ತೆಗೆದಿಡು. ಕೋಲು ತೆಗೆದ ಮೇಲೇ ಪೈಪಿನೊಳಗಿನ ಏರ್ ತೆಗೆಯೋದು, ಮರೆಯಬೇಡ.

• ಕ್ಯಾಲಿಪರ್ ಬಿಚ್ಚಿದ ಮೇಲೆ ಹೋಸಿನಲ್ಲಿ ನೇತಾಡಿಸಬೇಡ. ತಂತಿ ಹಾಕಿ ಸ್ಪ್ರಿಂಗಿಗೆ ಕಟ್ಟು. ಹೋಸ್ ಸೇರುವ ಬೋಲ್ಟಿನ ಎರಡು ಪಕ್ಕದಲ್ಲಿ ತಾಮ್ರದ ವಾಷರ್ ಇರುತ್ತೆ, ಹೊಸದೇ ಹಾಕು. ಒಮ್ಮೆ ಒತ್ತಿ ಚಪ್ಪಟೆಯಾದ ತಾಮ್ರ ಎರಡನೇ ಸಲ ಸರಿಯಾಗಿ ಕೂರೋದಿಲ್ಲ. ಬೋಲ್ಟ್ ಬಿಗಿಯೋದು ಎಷ್ಟು ಅನ್ನೋದಕ್ಕೆ ನಿನ್ನ ಕಾರಿನ ಸರ್ವಿಸ್ ಪುಸ್ತಕವೇ ಪ್ರಮಾಣ. ಟಾರ್ಕ್ ರೆಂಚ್ ಇಲ್ಲದಿದ್ದರೆ ಬಾಡಿಗೆಗೆ ತಾ.

• ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಕೆಲವು ಕಾರಿನಲ್ಲಿ ಎರಡೂ ಅದಲುಬದಲಾಗಿ ಕೂತುಬಿಡುತ್ತವೆ! ಆಮೇಲೆ ಎಷ್ಟು ಏರ್ ತೆಗೆದರೂ ಪೆಡಲ್ ಮೆತ್ತಗೇ ಇರುತ್ತೆ. ಗುರುತು ಸುಲಭ: ನಿಪ್ಪಲ್ ಯಾವಾಗಲೂ ಮೇಲೆ ಇರಬೇಕು. ಗಾಳಿ ಮೇಲಕ್ಕೆ ಏರುತ್ತೆ, ನಿಪ್ಪಲ್ ಕೆಳಗಿದ್ದರೆ ಅದು ಹೊರಗೆ ಬರೋದೇ ಇಲ್ಲ.

• ಬ್ರೇಕ್ ಆಯಿಲ್ ಅಂತ ನಾವು ಕರೆದರೂ ಅದು ಎಣ್ಣೆಯಲ್ಲ, ನೀರನ್ನು ಹೀರುವ ದ್ರವ. ಡಬ್ಬಿಯ ಮುಚ್ಚಳದ ಮೇಲೆ ಬರೆದಿರೋದನ್ನೇ ಹಾಕು, ಈಗಿನ ಕಾರುಗಳಲ್ಲಿ ಹೆಚ್ಚಾಗಿ ಡಾಟ್ 3 ಅಥವಾ ಡಾಟ್ 4. ಡಾಟ್ 4 ಹೊಸದಾಗಿ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಡೆಯಬೇಕು ಅನ್ನೋದು ನಿಯಮ. ನೀರು ಹೀರಿದ ಮೇಲೆ 155 ಡಿಗ್ರಿಗೆ ತಡೆದರೆ ಸಾಕು ಅಂತ ಅದೇ ನಿಯಮ ಹೇಳುತ್ತೆ. ಡಾಟ್ 3ಕ್ಕೆ ಈ ಲೆಕ್ಕ 205 ಮತ್ತು 140. ತಿರುಪ್ಪೂರಿನ ಸಪಾಟು ರಸ್ತೆಯಲ್ಲಿ ಈ ವ್ಯತ್ಯಾಸ ಗೊತ್ತೇ ಆಗೋದಿಲ್ಲ. ವಾಲ್ಪಾರೈಯಿಂದ ಆಳಿಯಾರಿಗೆ 40 ಹೇರ್‌ಪಿನ್ ತಿರುವು ಇಳಿಯುವಾಗ ಗೊತ್ತಾಗುತ್ತೆ. ಆಯಿಲ್ ಕುದಿದರೆ ಪೈಪಿನಲ್ಲಿ ಆವಿ, ಆವಿ ಒತ್ತಿದರೆ ಕುಗ್ಗುತ್ತೆ, ಪೆಡಲ್ ನೆಲ ಮುಟ್ಟುತ್ತೆ. ಅದಕ್ಕೇ ಕಿಲೋಮೀಟರ್ ಎಷ್ಟೇ ಓಡಿರಲಿ, ಎರಡು ವರ್ಷಕ್ಕೊಮ್ಮೆ ಬದಲಿಸು. ಕಳೆದ ವರ್ಷ ಅರ್ಧ ಬಳಸಿಟ್ಟ ಬಾಟಲಿ ಈ ವರ್ಷ ಬೇಡ. ಬರೀ ಡಾಟ್ 5 ಅಂತ ಬರೆದಿರೋದು ಸಿಲಿಕೋನ್, ಡಾಟ್ 3, ಡಾಟ್ 4ರ ಜೊತೆ ಬೆರೆಸಬಾರದು. 5.1 ಬೇರೆ ಜಾತಿ, ಹೆಸರು ನೋಡಿ ಮೋಸ ಹೋಗಬೇಡ. ಆಯಿಲ್ ಕಾರಿನ ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿ, ಇಲ್ಲದಿದ್ದರೆ ಪೇಂಟ್ ಸುಲಿದು ಬರುತ್ತೆ.

• ಈಗ ಏರ್ ತೆಗೆಯೋದು. ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರ ಮೊದಲು: ನಮ್ಮ ಬಲಗೈ ಸ್ಟಿಯರಿಂಗ್ ಕಾರುಗಳಲ್ಲಿ ಸಾಮಾನ್ಯವಾಗಿ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಡ್ರೈವರ್ ಕಡೆಯದು. ಪುಸ್ತಕ ಬೇರೆ ಕ್ರಮ ಹೇಳಿದರೆ ಪುಸ್ತಕದ ಮಾತೇ ಕೇಳು. ಮೀನಿನ ತೊಟ್ಟಿಗೆ ಹಾಕುವ ಪಾರದರ್ಶಕ ಟ್ಯೂಬ್ ನಿಪ್ಪಲ್ಲಿಗೆ ಸಿಕ್ಕಿಸಿ, ಇನ್ನೊಂದು ತುದಿ ಸ್ವಲ್ಪ ಹೊಸ ಆಯಿಲ್ ಇರುವ ಬಾಟಲಿಯೊಳಗೆ ಮುಳುಗಿರಲಿ. ಸೀಟಿನಲ್ಲಿ ಕೂರೋದಕ್ಕೆ ತಾಳ್ಮೆಯಿರುವವರನ್ನು ಕರಿ, ನಿನ್ನ ಅಮ್ಮ ವಾಸಿ, ತಮ್ಮ ಬೇಡ. ಮಾತು ಮೊದಲೇ ಗೊತ್ತುಮಾಡಿಕೋ: ಒಂದು ಅಂದರೆ ನಿಧಾನವಾಗಿ ಒತ್ತಿ ಹಿಡಿಯೋದು, ಎರಡು ಅಂದರೆ ಬಿಡೋದು. ನೀನು ಎರಡು ಅನ್ನೋದು ನಿಪ್ಪಲ್ ಮುಚ್ಚಿದ ಮೇಲೆ ಮಾತ್ರ. ತೆರೆದಿರುವಾಗ ಪೆಡಲ್ ಬಿಟ್ಟರೆ ಅದೇ ದಾರಿಯಲ್ಲಿ ಗಾಳಿ ವಾಪಸ್ ಒಳಗೆ. ಒತ್ತಿದಾಗಲೆಲ್ಲ ಒತ್ತಿದೆ ಅಂತ ಅವರೂ ಬಾಯಿಬಿಟ್ಟು ಹೇಳಲಿ. ಹಳೇ ಕಾರಿನಲ್ಲಿ ಪೆಡಲಿನ ಅಡಿ ಒಂದು ಮರದ ತುಂಡು ಇಡು. ಎಂದೂ ಹೋಗದ ಆಳಕ್ಕೆ ಮಾಸ್ಟರ್ ಪಿಸ್ಟನ್ ಹೋದರೆ ಅಲ್ಲಿ ಕೂತ ತುಕ್ಕು, ಕೊಳೆ ಅದರ ಸೀಲನ್ನು ಹರಿದುಬಿಡಬಹುದು. ಡಬ್ಬಿಯ ಮಟ್ಟ ಆಗಾಗ ನೋಡು. ಅದು ಖಾಲಿಯಾಗಿ ಗಾಳಿ ಎಳೆದರೆ ಮತ್ತೆ ಮೊದಲಿಂದ. ಗುಳ್ಳೆ ನಿಂತು ಕಾಫಿ ಬಣ್ಣ ಹೋಗಿ ತಿಳಿ ಬಂದ ಮೇಲೆ ಆ ಚಕ್ರ ಮುಗಿಯಿತು. ನಿಪ್ಪಲ್ಲನ್ನು ತೋಳಿನ ಬಲದಲ್ಲಿ ಬಿಗಿಯಬೇಡ, ಮುರಿದರೆ ಅದನ್ನು ತೆಗೆಯೋದಕ್ಕೆ ಲೇತ್‌ನವನ ಹತ್ತಿರ ಹೋಗಬೇಕು.

• ಯಾರೂ ಸಿಗದಿದ್ದರೆ ನಿಪ್ಪಲ್ ಸಡಿಲಿಸಿ ತಾನಾಗಿ ತೊಟ್ಟಿಕ್ಕಲು ಬಿಡು. ನಿಧಾನ, ಆದರೆ ತಪ್ಪಾಗೋದು ಕಡಿಮೆ. ಡಬ್ಬಿ ಮಾತ್ರ ಬರಿದಾಗಬಾರದು.

• 2019ರ ಏಪ್ರಿಲ್ ನಂತರದ ಹೊಸ ಕಾರುಗಳಲ್ಲಿ ಎಬಿಎಸ್ ಕಡ್ಡಾಯ, ಅದಕ್ಕೂ ಹಿಂದಿನ ಎಷ್ಟೋ ಕಾರಿನಲ್ಲೂ ಇದೆ. ಕ್ಯಾಲಿಪರ್ ಬದಲಿಸಿ ಏರ್ ತೆಗೆಯೋದಕ್ಕೆ ಅದು ಅಡ್ಡಿಯಲ್ಲ. ಪಿಸ್ಟನ್ ಹಿಂದಕ್ಕೆ ತಳ್ಳುವಾಗ ನಿಪ್ಪಲ್ ತೆರೆದಿರಲಿ, ಕೊಳಕು ಆಯಿಲ್ ಎಬಿಎಸ್ ಪೆಟ್ಟಿಗೆಗೆ ಹೋಗೋದಿಲ್ಲ. ಡಬ್ಬಿ ಖಾಲಿಯಾಗಿ ಎಬಿಎಸ್ ಪೆಟ್ಟಿಗೆಯೊಳಗೇ ಗಾಳಿ ಸೇರಿದರೆ ಮಾತ್ರ ನಿನ್ನ ಕೆಲಸ ಅಲ್ಲಿಗೆ ನಿಂತಿತು. ಸ್ಕ್ಯಾನರ್ ಹಾಕಿ ಅದರ ವಾಲ್ವುಗಳನ್ನು ಆಡಿಸಬೇಕಾಗಬಹುದು. ಗಾಡಿಯನ್ನು ಓಡಿಸಿಕೊಂಡು ಹೋಗದೆ ಎಳೆಸಿಕೊಂಡು ಹೋಗು.

• ಪೆಡಲ್ ಸ್ಪಂಜಿನಂತಿದ್ದರೆ ಗಾಳಿ ಉಳಿದಿದೆ. ಗಟ್ಟಿಯಾಗಿದ್ದೂ ತುಂಬ ಕೆಳಗೆ ಸಿಕ್ಕರೆ ಹಿಂದಿನ ಡ್ರಮ್ಮಿನ ಶೂ ಸವೆದು ಅಂತರ ಹೆಚ್ಚಾಗಿದೆ, ಅದನ್ನು ಹೊಂದಿಸು. ಒತ್ತಿ ಹಿಡಿದಿದ್ದಾಗ ನಿಧಾನವಾಗಿ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಹೊರಗೆ ಎಲ್ಲೂ ಒದ್ದೆಯಿಲ್ಲದಿದ್ದರೆ ಮಾಸ್ಟರ್ ಸಿಲಿಂಡರ್. ಎಂಜಿನ್ ಶುರುಮಾಡಿದ ಕ್ಷಣ ಪೆಡಲ್ ತುಸು ಇಳಿಯೋದು ಬೂಸ್ಟರಿನ ಸಹಜ ಗುಣ, ಹೆದರಬೇಡ.

• ಗೇರ್ ಹಾಕುವ ಮುಂಚೆ ಪೆಡಲನ್ನು ಹಲವು ಸಲ ಒತ್ತಿ ಗಟ್ಟಿ ಮಾಡಿಕೋ. ಹೊಸ ಕ್ಯಾಲಿಪರಿನ ಪಿಸ್ಟನ್ ಪ್ಯಾಡನ್ನು ಮುಟ್ಟಿರೋದಿಲ್ಲ, ಮೊದಲ ಒತ್ತು ಆ ಅಂತರ ತುಂಬೋದಕ್ಕೇ ಹೋಗುತ್ತೆ. ಗೇಟಿನ ಕಡೆ ಮೂತಿಯಿಟ್ಟು ಇದನ್ನು ಮರೆತವರ ಗೇಟುಗಳನ್ನು ನೋಡಿದ್ದೀನಿ.

• ಮೊದಲ ಓಟ ಬೆಳಗಿನ ಜಾವ, ಖಾಲಿ ಲೇಔಟ್ ರಸ್ತೆಯಲ್ಲಿ. ಅವಿನಾಶಿ ರಸ್ತೆ ಬೇಡ. ಹೊಸ ಪ್ಯಾಡ್ ಆದರೆ 50–60 ಕಿ.ಮೀ. ವೇಗದಿಂದ ನಿಧಾನವಾಗಿ 10–15ಕ್ಕೆ ಇಳಿಸು, ಪೂರ್ತಿ ನಿಲ್ಲಿಸದೆ. ನಡುವೆ ತಣ್ಣಗಾಗಲು ಬಿಟ್ಟು ಹೀಗೆ ಹಲವು ಸಲ ಮಾಡು. ಆಮೇಲೆ ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ನೋಡು (ಡಿಸ್ಕ್ ಮುಟ್ಟಬೇಡ), ಶಾಖ ಎರಡೂ ಕಡೆ ಸಮನಾಗಿರಬೇಕು.

• ಅದೇ ವಾರ ಊಟಿಗೋ ವಾಲ್ಪಾರೈಗೋ ಹೊರಡಬೇಡ. ದಿಂಬಂ ಹತ್ತಿ ಚಾಮರಾಜನಗರಕ್ಕೆ ಸಂಬಂಧಿಕರ ಮನೆಗೆ ಹೋಗೋದಿದ್ದರೂ ಮುಂದಕ್ಕೆ ಹಾಕು, ಆ 27 ತಿರುವು ಎಲ್ಲೂ ಹೋಗೋದಿಲ್ಲ. ಇಳಿಯುವಾಗ ಎರಡನೇ ಗೇರ್. ಬ್ರೇಕನ್ನು ಉದ್ದಕ್ಕೂ ಸವರಿಕೊಂಡು ಬರುವವನಿಗೆ ಯಾವ ಡಾಟ್ ಆಯಿಲ್ಲೂ ಸಾಲೋದಿಲ್ಲ.

• ಆಯುಧಪೂಜೆಗೆ ಚಕ್ರದಡಿ ನಿಂಬೆಹಣ್ಣು ಇಡು, ನಾನೇ ಬಂದು ಕುಂಬಳಕಾಯಿ ಒಡೀತೀನಿ. ಆದರೆ ಪೂಜೆಯ ದಿನವೇ ಬ್ರೇಕ್ ಕೆಲಸ ಹಚ್ಚಿಕೋಬೇಡ. ಒಂದು ವಾಷರ್ ಬೇಕಾದರೂ ಅವತ್ತು ಅಂಗಡಿಯವರು ಹಾರ ಹಾಕುತ್ತಾ ಇರ್ತಾರೆ.

• ಹಳೇ ಆಯಿಲ್ ಚರಂಡಿಗೂ ತೆಂಗಿನ ಪಾತಿಗೂ ಬೇಡ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳಿಂದ ನೊಯ್ಯಲ್ ನದಿ ಪಟ್ಟದ್ದು ಸಾಕು, 2011ರಲ್ಲಿ ಮದ್ರಾಸ್ ಹೈಕೋರ್ಟ್ ಅವನ್ನು ಮುಚ್ಚಿಸಿದ್ದು ನಿಮ್ಮ ಓಣಿಯವರಿಗೆಲ್ಲ ನೆನಪಿದೆ. ಬಾಟಲಿಯಲ್ಲಿ ಹಾಕಿ, ಮೇಲೆ ಹೆಸರು ಬರೆದು, ಹಳೇ ಎಂಜಿನ್ ಆಯಿಲ್ ಕೂಡಿಡುವ ವರ್ಕ್‌ಶಾಪಿಗೆ ಕೊಡು. ಅವರ ಡ್ರಮ್ಮಿಗೆ ನೀನೇ ಸುರಿಯಬೇಡ, ಬೇರೆಯಾಗಿ ಇಡೋದಾ ಅಂತ ಕೇಳು.

• ಒಂದು ವಾರ ಬಿಟ್ಟು ಡಬ್ಬಿಯ ಮಟ್ಟ, ನಿಪ್ಪಲ್, ತಾಮ್ರದ ವಾಷರಿನ ಸುತ್ತ ಒದ್ದೆ ಇದೆಯಾ ನೋಡು. ಚಕ್ರದ ನಟ್ಟುಗಳನ್ನೂ ಮತ್ತೊಮ್ಮೆ ಬಿಗಿ. ಯಾವ ಆಯಿಲ್, ಯಾವ ತಾರೀಕು ಅಂತ ಒಂದು ಚೀಟಿ ಬರೆದು ಬಾನೆಟ್ಟಿನ ಒಳಗೆ ಅಂಟಿಸು.