ಚರಂಡಿಯ ಹಳೇ ಕಲ್ಲು ಸಾಗಿಸಬೇಡಿ, ಅದನ್ನೇ ಮತ್ತೆ ಕೂರಿಸಿ

ಚರಂಡಿ ರಿಪೇರಿ ಅಂದರೆ ಹಳೇ ಕಲ್ಲು ಕಿತ್ತು ಟ್ರ್ಯಾಕ್ಟರಿಗೆ ತುಂಬಿ, ಹೊಸ ಕಾಂಕ್ರೀಟು ಸುರಿಯುವುದು ಎಂದೇ ಎಷ್ಟೋ ಊರುಗಳಲ್ಲಿ ನಡೆದಿದೆ. ಬಯಲುಸೀಮೆಯ ಹಳ್ಳಿ ಚರಂಡಿಗಳಲ್ಲಿ ಇರುವುದು ಹೆಚ್ಚಾಗಿ ಗಟ್ಟಿ ಗ್ರಾನೈಟಿನ ಸೈಜುಗಲ್ಲು. ಕೆಟ್ಟಿರುವುದು ಸಂದಿನ ಗಾರೆ, ಕುಸಿದಿರುವುದು ಅಡಿಯ ಮಣ್ಣು. ಕಲ್ಲಿಗೆ ಏನೂ ಆಗಿರುವುದಿಲ್ಲ.

ರಸ್ತೆಬದಿಯ ಚರಂಡಿ ಪಂಚಾಯಿತಿಯದು. ಪಿಡಿಒ ಅವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ನೀರುಗಂಟಿಯನ್ನು ಕರೆಸಿ ನಲ್ಲಿ ಪೈಪು ಹಾದಿರುವ ಕಡೆ ಸುಣ್ಣದ ಗುರುತು ಹಾಕಿಸಿ. ಶೌಚಾಲಯದ ಮಲ ಚರಂಡಿಗೇ ಬಿಟ್ಟಿದ್ದರೆ ಅದನ್ನು ಆಳಿನ ಕೈಲಿ ಎತ್ತಿಸಬೇಡಿ. 2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಮೊದಲು ಶೌಚಾಲಯದ ಪೈಪಿಗೆ ಗುಂಡಿಯ ದಾರಿ ಮಾಡಿಸಿ, ಹೂಳನ್ನು ಯಂತ್ರದಿಂದ ತೆಗೆಸಿ.

ಕೆಲಸ ಹಿಡಿಯಬೇಕಾದ್ದು ನೀರು ಹೊರಬೀಳುವ ಬಾಯಿಯಿಂದ. ಒಂದು ಸಲಕ್ಕೆ ಹದಿನೈದು ಅಡಿಗಿಂತ ಹೆಚ್ಚು ಬಿಚ್ಚಬೇಡಿ, ರಸ್ತೆಯಂಚು ಜಾರುತ್ತದೆ. ಕಲ್ಲನ್ನು ಹಾರೆಯಿಂದ ಮೀಟಿ ಎತ್ತಿ, ಸಂದಿಗೆ ಬರಿಗೈ ಹಾಕಬೇಡಿ, ಚೇಳು ಇರುತ್ತದೆ. ಎತ್ತಿದ ಕಲ್ಲನ್ನು ಅಲ್ಲೇ ಮೂರು ಗುಡ್ಡೆ ಮಾಡಿ: ಮುಖ ಚೆನ್ನಾಗಿರುವುದು ಗೋಡೆಗೆ, ಚಪ್ಪಟೆಯದು ತಳಕ್ಕೆ, ಒಡಕಲು ಮತ್ತು ಚಕ್ಕೆ ಅಡಿಪದರಕ್ಕೆ. ಅನುಮಾನ ಬಂದರೆ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಬಿರುಕಿದೆ, ಒಡಕಲಿಗೆ ಹಾಕಿ. ಹಳೇ ಗಾರೆ, ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಪಾಚಿಯ ಮೇಲೆ ಸಿಮೆಂಟು ಹಿಡಿಯುವುದಿಲ್ಲ.

ಇನ್ನು ವಾಟ. ನಾನು ನೋಡಿದ ಹಾಳು ಚರಂಡಿಗಳಲ್ಲಿ ಹೆಚ್ಚಿನವು ಕೆಟ್ಟಿದ್ದು ಇಲ್ಲೇ. ಮೇಸ್ತ್ರಿ ರಸ್ತೆಯ ಅಂಚು ನೋಡಿ ಕಣ್ಣಂದಾಜಿನಲ್ಲಿ ದಾರ ಕಟ್ಟುತ್ತಾನೆ. ಆದರೆ ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದಿರುತ್ತದೆ, ಒಂದೊಂದು ಕಡೆ ಒಂದೊಂದು ಎತ್ತರ. ಅದನ್ನು ನಂಬಿ ನಮ್ಮ ಬೀದಿಯಲ್ಲಿ ಕಟ್ಟಿದ ಚರಂಡಿ ನೋಡುವುದಕ್ಕೆ ಗೆರೆ ಎಳೆದಂತಿತ್ತು. ಮೊದಲ ಮಳೆಗೇ ನೀರು ಹಿಂದಕ್ಕೆ ತಿರುಗಿ ಕೊನೇ ಮನೆಯ ಹೊಸ್ತಿಲು ಹತ್ತಿತು. ಕಿತ್ತು ಮತ್ತೆ ಕಟ್ಟಬೇಕಾಯಿತು.

ಪಾರದರ್ಶಕ ಪೈಪಿಗೆ ನೀರು ತುಂಬಿದ ಟ್ಯೂಬ್ ಲೆವೆಲ್ ಸಾಕು. ಒಳಗೆ ಗಾಳಿಗುಳ್ಳೆ ಒಂದೂ ಇರಬಾರದು, ಇದ್ದರೆ ಅಳತೆ ಸುಳ್ಳಾಗುತ್ತದೆ. ಒಂದು ತುದಿ ಬಾಯಿಯ ಗೂಟಕ್ಕೆ, ಇನ್ನೊಂದು ಮೇಲಿನ ಗೂಟಕ್ಕೆ ಹಿಡಿದು, ಎರಡೂ ಕಡೆ ನೀರು ನಿಂತ ಎತ್ತರಕ್ಕೆ ಗೆರೆ ಹಾಕಿ. ಆ ಗೆರೆಯಿಂದ ತಳಕ್ಕೆ ಅಳೆದಾಗ 100 ಅಡಿ ಉದ್ದಕ್ಕೆ ಬಾಯಿಯ ಕಡೆ 6 ಇಂಚು ಹೆಚ್ಚು ಆಳ ಬರಬೇಕು, 50 ಅಡಿಗೆ 3 ಇಂಚು. ಬಾಯಿಯ ಮುಂದಿನ ಹಳ್ಳವೇ ಹೂಳು ತುಂಬಿ ಎತ್ತರವಾಗಿದ್ದರೆ ಮೊದಲು ಅದನ್ನು ತೆಗೆಯಿರಿ.

ಅಡಿಯಲ್ಲಿ ಒಡಕಲು ಕಲ್ಲು, ಜಲ್ಲಿ ಹರಡಿ 4 ಇಂಚಿಗೆ ಬರುವಂತೆ ದಿಮ್ಮಿಸಿ. ಅದರ ಮೇಲೆ 1:4ರ ಸಿಮೆಂಟು-ಮರಳಿನ ಗಾರೆಯಲ್ಲಿ ಚಪ್ಪಟೆ ಕಲ್ಲುಗಳನ್ನು ನಡುವೆ ತುಸು ತಗ್ಗು ಬರುವಂತೆ ಹಾಸಿ. ಬೇಸಿಗೆಯ ಸಣ್ಣ ನೀರೂ ಹರಿದುಹೋಗುತ್ತದೆ. ಗೋಡೆ ಏರಿಸುವ ಮುನ್ನ, ಗಾರೆ ಬಿಗಿಯಾದ ಮೇಲೆ, ಮೇಲಿನಿಂದ ಒಂದು ಕೊಡ ನೀರು ಬಿಟ್ಟು ಪಕ್ಕದಲ್ಲೇ ನಡೆಯಿರಿ. ನೀರು ಎಲ್ಲಿ ನಿಂತಿತೋ ಆ ಕಲ್ಲನ್ನು ಅಂದೇ ಎತ್ತಿ ಸರಿಪಡಿಸಿ. ಗೋಡೆ ಎದ್ದ ಮೇಲೆ ಯಾರೂ ಎತ್ತುವುದಿಲ್ಲ.

ಗೋಡೆಯಲ್ಲಿ ಸಂದಿನ ಮೇಲೆ ಸಂದು ಬರಬಾರದು. ಖಾಲಿ ಜಾಗಕ್ಕೆ ಬರೀ ಗಾರೆ ತುರುಕದೆ ಚಕ್ಕೆ ಬಡಿಯಿರಿ. ರಸ್ತೆಯ ಕಡೆ ಐದಾರು ಅಡಿಗೊಂದು ನೀರು ಬಸಿಯುವ ತೂತು ಬಿಡಿ, ಇಲ್ಲದಿದ್ದರೆ ಹಿಂದೆ ನಿಂತ ನೀರು ಗೋಡೆಯನ್ನು ನೂಕುತ್ತದೆ. ಏಳು ದಿನ ಗೋಣಿಚೀಲ ಹೊದಿಸಿ ನೀರುಣಿಸಿ. ಹೂಳನ್ನು ದಡದಲ್ಲಿ ಬಿಡಬೇಡಿ. ಮನೆ ಬಾಗಿಲ ಮುಂದೆ ಕಾಂಕ್ರೀಟು ಹಾಕಿ ಮುಚ್ಚಬೇಡಿ, ಇಬ್ಬರು ಸೇರಿ ಎತ್ತಬಹುದಾದ ಚಪ್ಪಡಿ ಹಾಸಿ. ಮುಂಗಾರು ಜೂನ್ ಮೊದಲ ವಾರಕ್ಕೆ ಬರುತ್ತದೆ, ಏಪ್ರಿಲ್‌ನಲ್ಲೇ ಶುರುಮಾಡಿ.