ನಾರ್ವೆಯ ಪಶ್ಚಿಮ ಕರಾವಳಿಯ ಹವೆಯೂ ಅದರ ಮುನ್ಸೂಚನೆಯೂ

ಕನ್ನಡ ನಾಡಿನ ರೈತನಿಗೆ ಮಳೆಗೊಂದು ಪಂಚಾಂಗವಿದೆ. ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಎಂದು ನಕ್ಷತ್ರಗಳ ಹೆಸರಿನಲ್ಲಿ ಮಳೆಯನ್ನು ಎಣಿಸಿ ಬಿತ್ತನೆ, ನಾಟಿಗಳ ಕಾಲವನ್ನು ಗೊತ್ತುಮಾಡುವ ಪದ್ಧತಿ ತಲೆತಲಾಂತರದಿಂದ ನಡೆದುಬಂದಿದೆ. ಇಂತಹ ಎಣಿಕೆ ಸಾಧ್ಯವಾದುದು ಇಲ್ಲಿನ ಮಳೆಗೆ ಒಂದು ಋತುವಿರುವುದರಿಂದ. ವರ್ಷದ ಹನ್ನೆರಡು ತಿಂಗಳೂ ಮಳೆ ಬೀಳುವ, ಯಾವ ದಿನದಲ್ಲಾದರೂ ಬಿರುಗಾಳಿ ಏಳಬಹುದಾದ ನಾಡಿನಲ್ಲಿ ಪಂಚಾಂಗ ಕೆಲಸಕ್ಕೆ ಬಾರದು. ಅಲ್ಲಿ ಮಳೆ ಯಾವ ತಿಂಗಳಲ್ಲಿ ಬಂದೀತು ಎಂಬುದು ಪ್ರಶ್ನೆಯೇ ಅಲ್ಲ. ನಾಳೆ ಮಧ್ಯಾಹ್ನ ಎಷ್ಟು ಗಂಟೆ ಬಿಡುವು ಕೊಟ್ಟೀತು ಎಂಬುದೇ ಪ್ರಶ್ನೆ. ಯುರೋಪಿನ ವಾಯವ್ಯದಲ್ಲಿರುವ ನಾರ್ವೆ ದೇಶದ ಪಶ್ಚಿಮ ತೀರ ಅಂತಹ ಒಂದು ಪ್ರದೇಶ. ಆಧುನಿಕ ಹವಾಮಾನ ಶಾಸ್ತ್ರದ ಒಂದು ಪ್ರಮುಖ ಅಧ್ಯಾಯ ಆ ತೀರದ ಬರ್ಗೆನ್ ಪಟ್ಟಣದಲ್ಲಿಯೇ ರಚಿತವಾಯಿತು.

ಬರ್ಗೆನ್ ಇರುವುದು ಉತ್ತರ ಅಕ್ಷಾಂಶ 60 ಡಿಗ್ರಿಯ ಸಮೀಪದಲ್ಲಿ. ಗ್ರೀನ್‌ಲೆಂಡಿನ ದಕ್ಷಿಣದ ತುದಿಯೂ ಹೆಚ್ಚುಕಡಿಮೆ ಇದೇ ಅಕ್ಷಾಂಶದಲ್ಲಿದೆ. ಆದರೂ ಬರ್ಗೆನ್ನಿನ ಬಂದರು ಚಳಿಗಾಲದಲ್ಲಿ ಹೆಪ್ಪುಗಟ್ಟುವುದಿಲ್ಲ. ದಕ್ಷಿಣದಿಂದ ಹರಿದುಬರುವ ಉತ್ತರ ಅಟ್ಲಾಂಟಿಕ್ ಸಾಗರ ಪ್ರವಾಹವೂ ಆ ನೀರಿನ ಮೇಲಿಂದ ಬೀಸುವ ಪಶ್ಚಿಮದ ಮಾರುತಗಳೂ ತೀರವನ್ನು ಬೆಚ್ಚಗಿಡುತ್ತವೆ. ಈ ಬೆಚ್ಚಗಿನ ಗಾಳಿ ತೇವದಿಂದ ತುಂಬಿರುತ್ತದೆ. ಸಮುದ್ರದಿಂದ ನೇರವಾಗಿ ಮೇಲೆದ್ದಿರುವ ಬೆಟ್ಟಗಳಿಗೆ ಅದು ತಾಗಿ, ಮೇಲೇರಿ, ತಣಿದು ಮಳೆಯಾಗುತ್ತದೆ. ಶಾಲಾ ಭೂಗೋಳದಲ್ಲಿ ಆರೋಹ ಮಳೆ ಎಂದು ಕರೆಯುವುದು ಇದನ್ನೇ. ಆಗುಂಬೆಯಲ್ಲಿ ನಡೆಯುವ ವ್ಯಾಪಾರವೂ ಇದೇ. ಬರ್ಗೆನ್ನಿನಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆಯಾದರೆ, ಬೆಟ್ಟಗಳ ಆಚೆ ಮಳೆಯ ನೆರಳಿನಲ್ಲಿರುವ ರಾಜಧಾನಿ ಆಸ್ಲೋದಲ್ಲಿ ಅದರ ಮೂರನೆಯ ಒಂದು ಪಾಲು ಮಾತ್ರ. ಪರಿಮಾಣದಲ್ಲಿ ಆಗುಂಬೆ ಬರ್ಗೆನ್ನನ್ನು ಬಹುದೂರ ಹಿಂದೆ ಹಾಕುತ್ತದೆ. ಆದರೆ ಆಗುಂಬೆಗೆ ಬೇಸಿಗೆಯೆಂಬುದುಂಟು. ಬರ್ಗೆನ್ನಿನಲ್ಲಿ 2006ರ ಅಕ್ಟೋಬರ್ 29ರಿಂದ 2007ರ ಜನವರಿ 21ರವರೆಗೆ 85 ದಿನ ಒಂದು ದಿನವೂ ತಪ್ಪದೆ ಮಳೆ ಬಿದ್ದಿತು.

ಮಳೆಯಿಂದ ಆಗುವುದು ಬಹುತೇಕ ತೊಂದರೆ. ಗಾಳಿಯಿಂದ ಆಗುವುದು ಪ್ರಾಣಹಾನಿ. 1899ರ ಅಕ್ಟೋಬರ್ 13ರ ರಾತ್ರಿ ಫ್ರೋಯಾ ದ್ವೀಪದ ಟಿಟ್ರಾನ್ ಎಂಬ ಮೀನುಗಾರರ ಊರಿನ ಹೊರಗೆ, ಹೆರಿಂಗ್ ಮೀನಿನ ಬಲೆ ಹಾಸಿ ಕಾದಿದ್ದ ತೆರೆದ ದೋಣಿಗಳ ಮೇಲೆ ಬಿರುಗಾಳಿ ಎರಗಿತು. ಬೆಳಗಾಗುವಷ್ಟರಲ್ಲಿ 140 ಮಂದಿ ಮೀನುಗಾರರು ಸಮುದ್ರದ ಪಾಲಾಗಿದ್ದರು. ನಾರ್ವೆಯ ಹವಾಮಾನ ಸಂಸ್ಥೆ ಸ್ಥಾಪಿತವಾದುದು 1866ರಲ್ಲಿ. ತಂತಿ ಸಂದೇಶಗಳೂ ಆ ವೇಳೆಗೆ ಬಳಕೆಯಲ್ಲಿದ್ದುವು. ಆದರೆ ವಾಯುಭಾರ ಕಡಿಮೆಯಾದರೆ ಗಾಳಿ ಬರಬಹುದು ಎಂಬುದಕ್ಕಿಂತ ಹೆಚ್ಚಿನ ತಿಳಿವಳಿಕೆ ಆಗಿನ ಶಾಸ್ತ್ರಕ್ಕೆ ಅಷ್ಟಾಗಿ ಇರಲಿಲ್ಲ. ದೋಣಿಯಲ್ಲಿದ್ದವರಿಗೆ ಸುದ್ದಿ ಮುಟ್ಟಿಸುವ ನಿಸ್ತಂತು ಸಾಧನವಂತೂ ಇರಲೇ ಇಲ್ಲ.

ಈ ಸ್ಥಿತಿಯನ್ನು ಬದಲಿಸಿದವನು ವಿಲ್ಹೆಲ್ಮ್ ಬ್ಯರ್ಕ್ನೆಸ್ (1862–1951). ಗಣಿತಜ್ಞನ ಮಗನಾದ ಈತ ಸ್ವತಃ ಭೌತವಿಜ್ಞಾನಿ. 1904ರಲ್ಲಿ ಪ್ರಕಟವಾದ ಒಂದು ಲೇಖನದಲ್ಲಿ ಈತ, ಹವೆಯನ್ನು ಮುಂಗಾಣುವುದು ಯಂತ್ರಶಾಸ್ತ್ರ ಮತ್ತು ಭೌತಶಾಸ್ತ್ರಗಳ ಒಂದು ಲೆಕ್ಕವೇ ಹೊರತು ಊಹೆಯ ವಿಷಯವಲ್ಲವೆಂದು ಪ್ರತಿಪಾದಿಸಿದನು. ಈ ಕ್ಷಣದ ವಾತಾವರಣದ ಸ್ಥಿತಿ ತಕ್ಕಮಟ್ಟಿಗೆ ಖಚಿತವಾಗಿ ತಿಳಿದಿರಬೇಕು. ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿ ಹುಟ್ಟುವ ನಿಯಮಗಳೂ ತಿಳಿದಿರಬೇಕು. ಇವೆರಡಿದ್ದರೆ ನಾಳೆಯ ಹವೆಯನ್ನು ಗಣಿಸಬಹುದೆಂಬುದು ಅವನ ವಾದ. ವಾದವೇನೋ ಸರಿ, ಲೆಕ್ಕ ಮಾಡುವ ಯಂತ್ರ ಆಗ ಎಲ್ಲಿಯೂ ಇರಲಿಲ್ಲ. ಮೊದಲನೆಯ ಮಹಾಯುದ್ಧ ನಡೆಯುತ್ತಿದ್ದಾಗ, 1917ರಲ್ಲಿ, ಈತ ಜರ್ಮನಿಯ ಲೈಪ್‌ಜಿಗ್ ನಗರವನ್ನು ಬಿಟ್ಟು ಬರ್ಗೆನ್ನಿಗೆ ಬಂದನು.

ಆಗ ನಾರ್ವೆ ತಟಸ್ಥ ದೇಶ. ಯುದ್ಧದಿಂದ ಆಹಾರದ ಆಮದು ಕುಗ್ಗಿ, ದೇಶದಲ್ಲಿ ಬೆಳೆಯುವ ಪ್ರತಿಯೊಂದು ಕಾಳಿಗೂ ಬೆಲೆ ಬಂದಿತ್ತು. ಹುಲ್ಲನ್ನು ಕೊಯ್ದು ಒಣಗಿಸಲು ರೈತನಿಗೆ ಎರಡು ದಿನದ ಬಿಸಿಲು ಬೇಕು. ಹುಲ್ಲು ಕೊಳೆತರೆ ಚಳಿಗಾಲದಲ್ಲಿ ದನಕ್ಕೆ ಮೇವಿಲ್ಲ. ಆದರೆ ಹವೆ ಬರುವುದು ಪಶ್ಚಿಮದಿಂದ, ಪಶ್ಚಿಮದ ಸುದ್ದಿಯೇ ನಿಂತುಹೋಗಿತ್ತು. ಬ್ರಿಟನ್ ಯುದ್ಧದ ಕಾರಣದಿಂದ ಹವಾಮಾನದ ವಿವರಗಳನ್ನು ಗುಟ್ಟಾಗಿ ಇರಿಸಿತ್ತು. ಐಸ್‌ಲೆಂಡ್ ಮೊದಲಾದ ಕಡೆಗಳ ತಂತಿಗಳೂ ಬರುತ್ತಿರಲಿಲ್ಲ. ಮುಂದೆ ನೋಡುವ ಕಣ್ಣು ಕಟ್ಟಿದಂತಾಗಿತ್ತು.

ದೂರದ ಸುದ್ದಿ ದೊರೆಯದಿದ್ದರೆ ಹತ್ತಿರದ್ದನ್ನಾದರೂ ಒತ್ತೊತ್ತಾಗಿ ಕಲೆಹಾಕಬೇಕೆಂದು ಬ್ಯರ್ಕ್ನೆಸ್ ನಿಶ್ಚಯಿಸಿದನು. ತೀರದುದ್ದಕ್ಕೂ ತಾನೇ ಸಂಚರಿಸಿ ದೀಪಸ್ತಂಭದ ಕಾವಲುಗಾರರು, ಹಡಗಿಗೆ ದಾರಿ ತೋರುವವರು, ಮೀನುಗಾರರು ಮುಂತಾದವರನ್ನು ವೀಕ್ಷಕರನ್ನಾಗಿ ಮಾಡಿಕೊಂಡನು. ಜಲಾಂತರ್ಗಾಮಿಗಳ ಮೇಲೆ ಕಣ್ಣಿಡಲು ನೌಕಾಪಡೆ ಸ್ಥಾಪಿಸಿದ್ದ ಕಾವಲು ಠಾಣೆಗಳೂ ಉಪಯೋಗಕ್ಕೆ ಬಂದುವು. 1918ರ ಬೇಸಿಗೆಯ ವೇಳೆಗೆ ವೀಕ್ಷಣಾ ಕೇಂದ್ರಗಳ ಸಂಖ್ಯೆ ಸುಮಾರು ಹತ್ತುಪಟ್ಟಾಯಿತು. ಇವರಲ್ಲಿ ಅನೇಕರು ಹೆಚ್ಚು ಓದಿದವರಲ್ಲ. ಆದರೆ ಆಕಾಶವನ್ನೂ ಗಾಳಿಯನ್ನೂ ನೋಡಿ ಬಾಳಿದವರು. ಅವರ ಮಾತಿಗೆ ಒಬ್ಬ ಪ್ರಾಧ್ಯಾಪಕ ಕಿವಿಗೊಟ್ಟನೆಂಬುದು ಈ ಇತಿಹಾಸದಲ್ಲಿ ಗಣಿತದಷ್ಟೇ ಗಮನಾರ್ಹವಾದ ಸಂಗತಿ.

ಒತ್ತಾದ ಈ ವೀಕ್ಷಣೆಗಳನ್ನು ನಕ್ಷೆಯ ಮೇಲೆ ಗುರುತಿಸಿದಾಗ, ವಿರಳ ನಕ್ಷೆಗಳಲ್ಲಿ ಎಂದೂ ಸ್ಪಷ್ಟವಾಗಿ ಕಾಣದಿದ್ದ ಒಂದು ಆಕಾರ ಮೂಡಿತು. ಅದನ್ನು ಗುರುತಿಸಿದವನು ವಿಲ್ಹೆಲ್ಮನ ಮಗ, ಆಗಿನ್ನೂ ಇಪ್ಪತ್ತೊಂದರ ಹರೆಯದ ಯಾಕೊಬ್ ಬ್ಯರ್ಕ್ನೆಸ್. ಸಮಶೀತೋಷ್ಣ ವಲಯದ ಆವರ್ತ ಮಾರುತದಲ್ಲಿ ಮಳೆ ಸುತ್ತಲೂ ಸಮನಾಗಿ ಹರಡಿರುವುದಿಲ್ಲ. ಬೆಚ್ಚಗಿನ ಗಾಳಿಯೂ ತಣ್ಣನೆಯ ಗಾಳಿಯೂ ಸಂಧಿಸುವ ಎರಡು ರೇಖೆಗಳ ಉದ್ದಕ್ಕೂ ಪಟ್ಟಿಯಾಗಿ ಬೀಳುತ್ತದೆ. ಈ ಶೋಧ 1919ರಲ್ಲಿ ಪ್ರಕಟವಾಯಿತು. ಎರಡು ವಾಯುರಾಶಿಗಳ ಗಡಿಗೆ ಅವರು ಇಟ್ಟ ಹೆಸರು ‘ಫ್ರಂಟ್’. ಎರಡು ಸೈನ್ಯಗಳು ಎದುರುಬದುರಾಗಿ ನಿಂತ ರಣರಂಗದ ಮುಂಚೂಣಿಗೆ ಆ ದಿನಗಳ ವೃತ್ತಪತ್ರಿಕೆಗಳಲ್ಲೆಲ್ಲ ಇದೇ ಹೆಸರಿತ್ತು. ಕನ್ನಡದಲ್ಲಿ ಅದನ್ನು ವಾಯುಮುಖವೆನ್ನಬಹುದು. ಸ್ವೀಡನ್ನಿನ ಟೋರ್ ಬರ್ಗೆರಾನ್, ನಾರ್ವೆಯ ಹಾಲ್ವೊರ್ ಸೋಲ್ಬರ್ಗ್ ಈ ಕಾರ್ಯದಲ್ಲಿ ಜೊತೆಗೂಡಿದರು. ಆವರ್ತ ಹುಟ್ಟಿ, ಬೆಳೆದು, ಸಾಯುವ ಬಗೆಯನ್ನು ಯಾಕೊಬ್ ಮತ್ತು ಸೋಲ್ಬರ್ಗರು 1922ರಲ್ಲಿ ಪೂರ್ಣವಾಗಿ ನಿರೂಪಿಸಿದರು.

ತೀರದಲ್ಲಿ ನಿಂತವನಿಗೆ ಈ ವಾಯುಮುಖಗಳು ಹೇಗೆ ಕಾಣುತ್ತವೆ? ಮೊದಲು ಪಶ್ಚಿಮದಲ್ಲಿ, ಬಹು ಎತ್ತರದಲ್ಲಿ, ಹಿಂಜಿದ ಅರಳೆಯಂತಹ ಬಿಳಿಯ ಮೋಡದ ಎಳೆಗಳು ಕಾಣಿಸಿಕೊಳ್ಳುತ್ತವೆ. ಕೆಲವು ಗಂಟೆಗಳಲ್ಲಿ ತೆಳುವಾದ ಪರದೆ ಆಕಾಶವನ್ನು ಮುಚ್ಚಿ, ಸೂರ್ಯನಿಗೋ ಚಂದ್ರನಿಗೋ ಪರಿವೇಷ ಕಟ್ಟುತ್ತದೆ. ವಾಯುಭಾರ ಮಾಪಕ ಇಳಿಯತೊಡಗುತ್ತದೆ. ಗಾಳಿ ಆಗ್ನೇಯದಿಂದಲೋ ದಕ್ಷಿಣದಿಂದಲೋ ಬಲಗೊಳ್ಳುತ್ತದೆ. ಮೋಡ ದಟ್ಟವಾಗಿ ಕೆಳಗಿಳಿದು, ಬಿಡದ ಜಿಟಿಜಿಟಿ ಮಳೆ ಗಂಟೆಗಟ್ಟಲೆ ಹಿಡಿಯುತ್ತದೆ. ಹಗುರವಾದ ಬೆಚ್ಚಗಿನ ಗಾಳಿ, ಭಾರವಾದ ತಣ್ಣನೆಯ ಗಾಳಿಯ ಮೇಲೆ ಬಹಳ ಓರೆಯಾದ ಇಳಿಜಾರಿನಲ್ಲಿ ಏರುವುದೇ ಇದಕ್ಕೆ ಕಾರಣ. ಆ ಇಳಿಜಾರು ನೂರು ಮೈಲಿಗೆ ಒಂದು ಮೈಲಿಯಷ್ಟು ಮಾತ್ರವಾದ್ದರಿಂದ ಮುನ್ನೆಚ್ಚರಿಕೆಯ ಮೋಡಗಳು ಅಷ್ಟು ದೂರದಿಂದಲೇ ಕಾಣುತ್ತವೆ. ಇದು ಉಷ್ಣಮುಖ. ಅದು ದಾಟಿದ ಮೇಲೆ ಗಾಳಿ ನೈಋತ್ಯಕ್ಕೆ ತಿರುಗುತ್ತದೆ. ಸೆಕೆಯಲ್ಲದಿದ್ದರೂ ಒಂದು ಬಗೆಯ ಬಿಸುಪು, ಮಂಜು, ತುಂತುರು. ಅನನುಭವಿ ಇಲ್ಲಿ ಮೋಸಹೋಗುತ್ತಾನೆ, ಹವೆ ಸುಧಾರಿಸಿತೆಂದು ದೋಣಿ ಇಳಿಸುತ್ತಾನೆ. ಹಿಂದಿನಿಂದ ಬರುವುದು ಶೀತಮುಖ. ತಣ್ಣನೆಯ ಗಾಳಿ ಬೆಚ್ಚಗಿನ ಗಾಳಿಯ ಕೆಳಗೆ ನೇಗಿಲ ಕುಳದಂತೆ ನುಗ್ಗಿ ಅದನ್ನು ಒಮ್ಮೆಲೇ ಮೇಲಕ್ಕೆತ್ತುತ್ತದೆ. ಕಪ್ಪು ಮೋಡ, ರಭಸದ ಮಳೆ, ಕೆಲವೊಮ್ಮೆ ಆಲಿಕಲ್ಲು. ಗಾಳಿ ಹಠಾತ್ತನೆ ಪಶ್ಚಿಮಕ್ಕೂ ವಾಯವ್ಯಕ್ಕೂ ತಿರುಗಿ ಅಬ್ಬರಿಸುತ್ತದೆ. ಆಮೇಲೆ ವಾಯುಭಾರ ಏರುತ್ತದೆ, ಆಕಾಶ ತೊಳೆದಂತಾಗುತ್ತದೆ, ನಡುನಡುವೆ ಬೀಸುಮಳೆ ಬಂದುಹೋಗುತ್ತದೆ. ಹುಲ್ಲು ಒಣಗಿಸುವವನು ಕಾಯಬೇಕಾದುದು ಎರಡು ಆವರ್ತಗಳ ನಡುವಿನ ಈ ಬಿಡುವಿಗಾಗಿ. ಉತ್ತರಾರ್ಧಗೋಳದಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತರೆ ಕಡಿಮೆ ವಾಯುಭಾರದ ಪ್ರದೇಶ ಎಡಗಡೆಗಿರುತ್ತದೆ ಎಂಬ ಹಳೆಯ ಸೂತ್ರವನ್ನೂ ಇದರೊಂದಿಗೆ ಸೇರಿಸಿದರೆ, ಉಪಕರಣಗಳಿಲ್ಲದ ಮೀನುಗಾರನಿಗೂ ಬಿರುಗಾಳಿಯ ದಿಕ್ಕು ಸ್ಥೂಲವಾಗಿ ತಿಳಿಯುತ್ತದೆ.

ಈ ವಿದ್ಯೆಗೆ ಮಿತಿಗಳಿಲ್ಲದಿಲ್ಲ. ನಾರ್ವೆಯ ಉತ್ತರ ಭಾಗದಲ್ಲಿ, ಚಳಿಗಾಲದಲ್ಲಿ, ಹಿಮದ ಮೇಲಿನ ಕೊರೆಯುವ ಗಾಳಿ ಹೆಪ್ಪುಗಟ್ಟದ ಸಮುದ್ರದ ಮೇಲೆ ಹರಿದಾಗ ಧ್ರುವೀಯ ಕಿರು ಆವರ್ತಗಳು ಹುಟ್ಟುತ್ತವೆ. ಅವುಗಳ ವ್ಯಾಸ ಕೆಲವು ನೂರು ಕಿಲೋಮೀಟರ್, ಆಯುಷ್ಯ ಒಂದೆರಡು ದಿನ. ಶಾಂತ ಸಮುದ್ರವನ್ನು ಕೆಲವೇ ಗಂಟೆಗಳಲ್ಲಿ ಹಿಮಗಾಳಿಯ ಕಡಲನ್ನಾಗಿಸುವ ಇವು ತೀರದ ಠಾಣೆಗಳ ನಡುವಣ ಬಯಲಿನಲ್ಲಿ ತಪ್ಪಿಸಿಕೊಳ್ಳುತ್ತಿದ್ದುವು. ಉಪಗ್ರಹಗಳು ಮೇಲಿನಿಂದ ಚಿತ್ರ ತೆಗೆಯತೊಡಗಿದ ಮೇಲೆಯೇ ಇವುಗಳ ನಿಜಸ್ವರೂಪ ತಿಳಿದುದು. ಸಮುದ್ರದ ಆ ಬಯಲನ್ನು ಕಾಯಲು 1948ರಿಂದ ಉತ್ತರ ಅಕ್ಷಾಂಶ 66 ಡಿಗ್ರಿಯಲ್ಲಿ ಒಂದು ಹವಾಮಾನ ಹಡಗಿನ ಠಾಣೆಯಿತ್ತು. ಅಲ್ಲಿ ಕೊನೆಯದಾಗಿ ಕಾದ ಹಡಗಿನ ಹೆಸರೂ ‘ಪೋಲಾರ್‌ಫ್ರಂಟ್’ ಎಂದೇ. 2009ರ ಕೊನೆಗೆ ಅದನ್ನು ಹಿಂದೆಗೆಯಲಾಯಿತು.

ಬ್ಯರ್ಕ್ನೆಸ್ 1904ರಲ್ಲಿ ಕಂಡ ಲೆಕ್ಕದ ಕನಸು ಅವನ ಜೀವಿತಾವಧಿಯಲ್ಲಿಯೇ, 1950ರಲ್ಲಿ, ಅಮೆರಿಕದ ಎನಿಯಾಕ್ ಎಂಬ ಗಣಕಯಂತ್ರದಲ್ಲಿ ಮೊದಲ ಬಾರಿಗೆ ಕೈಗೂಡಿತು. 24 ಗಂಟೆಗಳ ಮುನ್ಸೂಚನೆಯನ್ನು ಗಣಿಸಲು ಹೆಚ್ಚುಕಡಿಮೆ 24 ಗಂಟೆಗಳೇ ಬೇಕಾದುವೆಂಬುದು ಬೇರೆ ಮಾತು. ಇಂದು ಅದೇ ಕೆಲಸ ಕ್ಷಿಪ್ರವಾಗಿ ನಡೆಯುತ್ತದೆ. 1992ರ ಜನವರಿ 1ರಂದು ವಾಯವ್ಯ ನಾರ್ವೆಯ ತೀರವನ್ನು ಭೀಕರ ಚಂಡಮಾರುತ ಧ್ವಂಸಮಾಡಿದ ಬಳಿಕ, 1995ರಿಂದ ಅಪಾಯಕರ ಹವೆಗೆ ಹೆಸರಿಟ್ಟು ಎಚ್ಚರಿಸುವ ವ್ಯವಸ್ಥೆ ಬಂದಿತು. 2007ರಿಂದ ಆ ದೇಶದ ಹವಾಮಾನ ಸಂಸ್ಥೆಯೂ ಪ್ರಸಾರ ಸಂಸ್ಥೆಯೂ ಕೂಡಿ ‘ಯೂರ್’ ಎಂಬ ಹೆಸರಿನಲ್ಲಿ ಅಂತರ್ಜಾಲದ ಮೂಲಕ ಮುನ್ಸೂಚನೆ ನೀಡುತ್ತಿವೆ. ನಾರ್ವೆಯ ಭಾಷೆಯಲ್ಲಿ ಆ ಪದಕ್ಕೆ ತುಂತುರು ಮಳೆ ಎಂದರ್ಥ.

ಉಷ್ಣವಲಯದ ಮುಂಗಾರಿಗೆ ವಾಯುಮುಖದ ಈ ಸಿದ್ಧಾಂತವನ್ನು ಹಾಗೆಯೇ ಅನ್ವಯಿಸಲಾಗದು. ಅದರ ಚಾಲಕಶಕ್ತಿಯೇ ಬೇರೆ. ಆದರೂ ಬರ್ಗೆನ್ನಿನ ಒಂದು ಎಳೆ ಭಾರತದವರೆಗೆ ಬಂದಿದೆ. 1904ರಿಂದ 1924ರವರೆಗೆ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥನಾಗಿದ್ದ ಗಿಲ್ಬರ್ಟ್ ವಾಕರನು ಮುಂಗಾರಿನ ಸೋಲನ್ನು ಮುಂಗಾಣುವ ಹಂಬಲದಿಂದ ಪ್ರಪಂಚದ ವಾಯುಭಾರದ ಅಂಕಿಗಳನ್ನು ತುಲನೆ ಮಾಡಿದನು. ಹಿಂದೂ ಮಹಾಸಾಗರ ಮತ್ತು ಶಾಂತಸಾಗರಗಳ ನಡುವೆ ತಕ್ಕಡಿಯ ತಟ್ಟೆಗಳಂತೆ ಏರಿಳಿಯುವ ಒಂದು ಆಂದೋಲನವನ್ನು ಅವನು ಗುರುತಿಸಿದನು. ಕಾರಣ ಮಾತ್ರ ಅವನಿಗೆ ದೊರೆಯಲಿಲ್ಲ. ಆ ಆಂದೋಲನವನ್ನು ಶಾಂತಸಾಗರದ ನೀರು ಬಿಸಿಯಾಗುವ ‘ಎಲ್ ನಿನೋ’ ವಿದ್ಯಮಾನದೊಂದಿಗೆ ಜೋಡಿಸಿ 1969ರಲ್ಲಿ ವಿವರಿಸಿದವನು, ಅಮೆರಿಕದಲ್ಲಿ ನೆಲೆಸಿ ಎಪ್ಪತ್ತು ದಾಟಿದ್ದ ಯಾಕೊಬ್ ಬ್ಯರ್ಕ್ನೆಸ್. ಏಪ್ರಿಲ್ ತಿಂಗಳಲ್ಲಿ ಭಾರತದ ಹವಾಮಾನ ಇಲಾಖೆ ಮುಂಗಾರಿನ ಮುನ್ಸೂಚನೆಯನ್ನು ಪ್ರಕಟಿಸುವಾಗ, ಶಾಂತಸಾಗರದ ನೀರಿನ ಉಷ್ಣತೆಯ ವಿವರ ಇಂದಿಗೂ ಅದರಲ್ಲಿ ಸೇರಿರುತ್ತದೆ.